ವನ್ನೂರಪ್ಪ ಸಾರ್ ಹಾಕಿದ ಬೀಗ

ಕಂಪ್ಯೂಟರಿನಲ್ಲಿ ಎಂಟರ್ ಒತ್ತುವ ಮುಂಚೆ ವನ್ನೂರಪ್ಪ ಸಾರ್ ಬಲಗೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಳ್ಳುತ್ತಿದ್ದರು. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಹಣೆಯಲ್ಲಿ ಬೆವರು. ಒತ್ತಿದ ಮೇಲೆ ಎರಡೂ ಕಣ್ಣು ಮುಚ್ಚಿ, ಆಮೇಲೆ ಒಂದನ್ನು ಮಾತ್ರ ಮೆಲ್ಲಗೆ ತೆರೆದು ಪರದೆಯತ್ತ ನೋಡುತ್ತಿದ್ದರು. ಪಟಾಕಿಯ ಬತ್ತಿಗೆ ಕಿಡಿ ಮುಟ್ಟಿಸಿ ಹಿಂದಕ್ಕೆ ಓಡಿದವರು ನೋಡುತ್ತಾರಲ್ಲ, ಹಾಗೆ.

ನಾನು ಕಂಡವರಲ್ಲಿ ಅವರಷ್ಟು ಅಂಜುವ ಗಂಡಸು ಇನ್ನೊಬ್ಬರಿಲ್ಲ. ಬೈಕಿಗೆ ಅಂಜುತ್ತಿದ್ದರು, ಅದಕ್ಕೇ ರಾಯದುರ್ಗದಿಂದ ಮಡಕಶಿರಕ್ಕೆ ಬಸ್ಸು ಬದಲಾಯಿಸಿಕೊಂಡು ಅರ್ಧ ದಿನ ಕಳೆದು ಬರುತ್ತಿದ್ದರು. ಹಲ್ಲಿಗೆ ಅಂಜುತ್ತಿದ್ದರು. ಬೀದಿನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ದೂರದಲ್ಲಿ ಗುಡುಗಿದರೆ ಸಾಕು, ಆಫೀಸಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಕೂರುತ್ತಿದ್ದರು. ನಮ್ಮ ಹೊಲಿಗೆ ಯೂನಿಟ್ಟಿನ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅವರೇನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

"ಅಂಜಬೇಕ್ರಿ ಅಮ್ಮಾ," ಅನ್ನುತ್ತಿದ್ದರು. "ಅಂಜದವರು ಬಾಗಲಕ್ಕ ಬೀಗ ಹಾಕಲ್ಲ."

ಅವರ ಊರು ಬೆಳುಗುಪ್ಪದ ಕಡೆ. ರಾಯದುರ್ಗದ ಜೀನ್ಸ್ ಯೂನಿಟ್ಟುಗಳಲ್ಲಿ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಾ ಬೆಳೆದವರು. ಕಸೂತಿ ಹಾಕುವ ದೊಡ್ಡ ಮಿಷನ್ನು ಕಂಪ್ಯೂಟರಿನ ಜೊತೆಗೇ ಬಂದಾಗ, ಅದು ಕೆಟ್ಟರೆ ಯಾರನ್ನು ಕರೆಯುವುದೆಂದು ಅಂಜಿ, ತಾವೇ ಕಂಪ್ಯೂಟರ್ ಕಲಿತರಂತೆ. ಆಮೇಲೆ ನೆಟ್‌ವರ್ಕ್ ಕಲಿತರು. ಐವತ್ತು ದಾಟಿದ ಮನುಷ್ಯ, ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಟೆಸ್ಟರ್, ಹೆಗಲಿಗೆ ಜೀನ್ಸ್ ತುಂಡುಗಳಿಂದ ಅವರ ಹೆಂಡತಿ ಹೊಲಿದ ಚೀಲ. ಚೀಲದಲ್ಲಿ ಒಂದು ಉದ್ದನೆಯ ನೋಟ್‌ಬುಕ್. ಯಾವ ಕಂಪ್ಯೂಟರಿನಲ್ಲಿ ಏನು ಬದಲಿಸಿದರೂ ಮೊದಲು ಏನಿತ್ತು ಅನ್ನುವುದನ್ನು ಅದರಲ್ಲಿ ಬರೆದುಕೊಳ್ಳದೆ ಕೈ ಹಾಕುತ್ತಿರಲಿಲ್ಲ.

ನನ್ನದು ರೊಳ್ಳದ ಹತ್ತಿರದ ಒಂದು ಹಳ್ಳಿ. ಆಗ ನಮ್ಮ ಕಡೆಯ ಹೆಣ್ಣುಮಕ್ಕಳು ಇಂಟರ್, ಅಂದರೆ ಪಿಯುಸಿ, ಮುಗಿಸಿಯೋ ಅರ್ಧಕ್ಕೆ ಬಿಟ್ಟೋ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ನಾನೂ ಎರಡು ವರ್ಷ ಅಲ್ಲಿದ್ದು ಬಂದವಳು. ರಾಯದುರ್ಗದ ಜೀನ್ಸ್ ಸಾಹುಕಾರರೊಬ್ಬರು ಮಡಕಶಿರದ ಹೊರಗೆ ಹೊಲಿಗೆ ಯೂನಿಟ್ ಶುರು ಮಾಡಿದಾಗ, ಊರಿಗೆ ಹತ್ತಿರವಾಯಿತೆಂದು ಸೇರಿಕೊಂಡೆ. ಬಟ್ಟೆ ಕತ್ತರಿಸುವುದು ರಾಯದುರ್ಗದಲ್ಲಿ, ಹೊಲಿಯುವುದು ನಮ್ಮಲ್ಲಿ. ದೂರದ ಹಳ್ಳಿಗಳ ನಲವತ್ತು ಹೆಂಗಸರಿಗೆ ಯೂನಿಟ್ಟಿನ ಹಿಂದೆಯೇ ಹಾಸ್ಟೆಲ್. ಮೊದಲು ಮಿಷನ್ನುಗಳ ಲೈನಿನಲ್ಲಿ ಜೇಬು ಹೊಲಿಯುತ್ತಿದ್ದ ನನ್ನನ್ನು, ಟೈಪಿಂಗ್ ಬರುತ್ತದೆಂದು ಆಫೀಸಿನ ಕಂಪ್ಯೂಟರಿಗೆ ಕೂರಿಸಿದರು. ಸಾಹುಕಾರರ ಬಾಮೈದ ನಮಗೆ ಮೇನೇಜರು. ನಗುಮುಖದವರು. ಎಲ್ಲರ ಹೆಸರೂ ಅವರಿಗೆ ಬಾಯಿಪಾಠ.

ಹಾಸ್ಟೆಲ್ಲಿನ ವರಾಂಡದಲ್ಲಿ ಎರಡು ಕ್ಯಾಮೆರಾ ಇದ್ದವು, ಒಂದಕ್ಕೆ ಆಫೀಸಿನ ಬಾಗಿಲೂ ಕಾಣುತ್ತಿತ್ತು. ನಮ್ಮ ಕ್ಷೇಮಕ್ಕೆ ಅಂತ ಹಾಕಿಸಿದ್ದು. ಅವುಗಳಲ್ಲಿ ಸಣ್ಣ ಸ್ಪೀಕರ್ ಇತ್ತೆಂಬುದು ನಮಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಒಂದು ಸಂಜೆ. ಶಿಫ್ಟ್ ಮುಗಿಸಿ ಸ್ನಾನ ಮಾಡಿ, ರತ್ನಗಿರಿ ಕಡೆಯ ಅನಿತಾ ವರಾಂಡದ ಮೆಟ್ಟಿಲ ಮೇಲೆ ಕೂತು ಕೂದಲು ಒಣಗಿಸಿಕೊಂಡು ಜಡೆ ಹೆಣೆಯುತ್ತಿದ್ದಳು. ಇಪ್ಪತ್ತೊಂದು ವರ್ಷದವಳು, ಮಾತು ಕಡಿಮೆ. ನಾನು ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದೆ. ತಲೆಯ ಮೇಲಿಂದ ಕರಕರ ಸದ್ದು ಬಂತು. ಆಮೇಲೆ ಒಂದು ದನಿ.

"ಅನಿತಾ... ಬಿಚ್ಚಿದ್ದೇ ಚೆನ್ನಾಗಿತ್ತು."

ತಗಡಿನ ಡಬ್ಬದೊಳಗಿಂದ ಬಂದಂತಹ ದನಿ. ಗಂಡೋ ಹೆಣ್ಣೋ ತಿಳಿಯದು. ಅನಿತಾಳ ಕೈ ಜಡೆಯಲ್ಲೇ ನಿಂತಿತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಲ್ಲಿ ಒಬ್ಬರಿಗೂ ತಲೆಯೆತ್ತಿ ಮೇಲೆ ನೋಡುವ ಧೈರ್ಯ ಬರಲಿಲ್ಲ. ಕೊನೆಗೆ ನೋಡಿದಾಗ ಅಲ್ಲಿ ಕ್ಯಾಮೆರಾ ಬಿಟ್ಟು ಏನೂ ಇರಲಿಲ್ಲ. ಅದರ ಪುಟ್ಟ ಕೆಂಪು ದೀಪ ಹೊತ್ತಿಕೊಂಡಿತ್ತು.

ಎರಡು ದಿನ ಬಿಟ್ಟು ಇನ್ನೊಬ್ಬಳ ಹೆಸರು ಕರೆಯಿತು. ಮತ್ತೊಂದು ಸಂಜೆ ಬರೀ ನಗು. ಅಲ್ಲಿಂದ ಹಾಸ್ಟೆಲ್ಲಿನಲ್ಲಿ ಯಾರೂ ಒಬ್ಬಂಟಿಯಾಗಿ ಬಚ್ಚಲಿಗೆ ಹೋಗಲಿಲ್ಲ. ಸ್ನಾನ ಮಾಡುವವಳ ಬಾಗಿಲ ಮುಂದೆ ಇನ್ನೊಬ್ಬಳು ನಿಂತಿರಬೇಕು. ತಲೆ ಬಾಚಿಕೊಳ್ಳುವುದು ಕೋಣೆಯೊಳಗೆ, ಕಿಟಕಿ ಮುಚ್ಚಿ. ದೆವ್ವ ಅಂದರು ಕೆಲವರು. ಅಡುಗೆಯ ಮಾರಕ್ಕ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಅನಿತಾ ಕ್ಯಾಮೆರಾಕ್ಕೆ ತನ್ನ ದುಪಟ್ಟ ಸುತ್ತಿದಳು. ಮಾರನೆಯ ದಿನ ಮೇನೇಜರು ಬಂದು ಅದನ್ನು ಬಿಚ್ಚಿಸಿದರು.

"ಹುಚ್ಚು ಹುಚ್ಚಾಗಿ ಆಡಬೇಡ್ರಮ್ಮ. ಯಾರೋ ಎಲ್ಲೋ ಕೂತ್ಕೊಂಡು ನೆಟ್‌ನಾಗೆ ಆಟ ಆಡ್ತಾವ್ರೆ. ಕ್ಯಾಮೆರಾ ಮುಚ್ಚಿದ್ರೆ ನಿಮಗೇ ಕಷ್ಟ," ಅಂದು ನಕ್ಕರು.

ನಾನು ಸಾಹುಕಾರರಿಗೆ ಫೋನ್ ಮಾಡಿ ಹೇಳಿದೆ. ಅವರು ವನ್ನೂರಪ್ಪ ಸಾರ್ ಅವರನ್ನು ಕಳಿಸಿದರು.

ಬಸ್ಸಿಳಿದು ಬಂದವರು ಮೊದಲು ಕ್ಯಾಮೆರಾ ನೋಡಲಿಲ್ಲ. ಅನಿತಾಳನ್ನು ಕರೆಸಿ, ಬಾಗಿಲು ಪೂರ್ತಿ ತೆರೆದಿಟ್ಟು, ಅವಳನ್ನು ಕುರ್ಚಿಯಲ್ಲಿ ಕೂರಿಸಿ ತಾವು ನಿಂತುಕೊಂಡರು.

"ಬರ್ರಿ ಅಮ್ಮಾ, ಕುಂದರ್ರಿ. ಏನು ಕೇಳಿಸ್ತು, ಎಷ್ಟೊತ್ತಿಗಿ ಕೇಳಿಸ್ತು? ನಿದಾನಕ್ಕ ಹೇಳ್ರಿ, ಬರಕೊಂತೀನಿ."

ನಮ್ಮ ಕಡೆ ಲೈನಿನ ಹುಡುಗಿಯರನ್ನು 'ಬಾರೆ, ಹೋಗೆ' ಅನ್ನದವರಿಲ್ಲ. ಬರ್ರಿ ಅಂದ ಮೊದಲ ಗಂಡಸು ಅವರು. ಅನಿತಾ ಹೇಳಿದ್ದನ್ನೆಲ್ಲ ಬರೆದುಕೊಂಡರು. ನಡುವೆ ಒಮ್ಮೆಯೂ 'ನಿಜವಾ?' ಅಂತ ಕೇಳಲಿಲ್ಲ. ಮಾರಕ್ಕ ಬಾಗಿಲ ಬಳಿ ನಿಂತು, "ಇದು ಗಾಳಿ ಚೇಷ್ಟೆನೇ ಇರ್ಬೇಕು ಸೋಮಿ" ಅಂದಳು.

"ದೆವ್ವ ಆಗಿದ್ರೆ ಚಲೋ ಇತ್ರಿ ಅಕ್ಕಾರೆ," ಅಂದರು. "ದೆವ್ವಕ್ಕ ಪಾಸ್‌ವರ್ಡ್ ಬೇಕಾಗಲ್ಲ. ಇದು ಮನುಷ್ಯ."

ಆ ಮಾತಿಗೆ ನಮ್ಮೆಲ್ಲರ ಮೈಮೇಲೆ ಮುಳ್ಳೆದ್ದಿತು.

ಅರ್ಧ ಗಂಟೆಯಲ್ಲಿ ಕಂಡುಹಿಡಿದರು. ದೂರದಿಂದ ನೋಡಲು ಸುಲಭವಾಗಲೆಂದು ಯಾರೋ ಕ್ಯಾಮೆರಾಗಳನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರು. ಪಾಸ್‌ವರ್ಡು ಡಬ್ಬದ ಮೇಲೆ ಅಚ್ಚಾಗಿ ಬಂದದ್ದೇ. ಹೊರಗಿನಿಂದ ಯಾರೇ ಬಂದರೂ ದಾಖಲೆಯಲ್ಲಿ ಒಂದೇ ದಾರಿಯ ಗುರುತು ಬೀಳುತ್ತಿತ್ತು. ಅದಕ್ಕೆ ಮಾತಾಡಿದ್ದು ಯಾರೆಂದು ಹೇಳಲಾಗದು.

"ಬೀದಿ ಬಾಗಲ ತೆಗೆದಿಟ್ಟು ಮಲಗಿದಂಗ ಐತ್ರಿ," ಅಂದರು. "ಈಗ ಬೀದಿಗೆ ಕಾಣದಂಗ ಬಾಗಲ ಮಾಡಬೇಕು. ಮನಿಯವರಿಗೆ ಅಷ್ಟೇ ಕಾಣಬೇಕು. ನೀವೂ ಕಲೀರಿ. ನಾನು ರಾಯದುರ್ಗದಾಗ ಇರ್ತೀನಿ, ಇಲ್ಲಿ ಇರೋರು ನೀವು."

ಹಾಗೆ ನಾನು ವಿಪಿಎನ್ ಎಂಬ ಆ ಗುಟ್ಟಿನ ಬಾಗಿಲು ಮಾಡುವುದನ್ನು ಕಲಿತೆ. ಆಫೀಸಿನ ಮೂಲೆಯಲ್ಲಿ ಹಳೆಯದೊಂದು ಕಂಪ್ಯೂಟರಿನಲ್ಲಿ ವಿಂಡೋಸ್ ತೆಗೆದು ಲಿನಕ್ಸ್ ಹಾಕಿ, ಕ್ಯಾಮೆರಾದ ತಂತಿಗಳನ್ನೆಲ್ಲ ಅದಕ್ಕೇ ತಿರುಗಿಸಿದರು. ಆಮೇಲೆ ಅದರಲ್ಲಿ ಒಂದು ಹೊಸ ನೆಟ್‌ವರ್ಕ್ ಇಂಟರ್‌ಫೇಸ್, ಅಂದರೆ ನೆಟ್‌ವರ್ಕಿನ ತಂತಿ ಕೂಡುವಂಥ ಬಾಗಿಲು, ಮಾಡಿದರು. ನಾನು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದೆ.

"ತಂತಿ ಎಲ್ಲಿ ಸಾರ್?"

"ಇದಕ್ಕ ತಂತಿ ಇಲ್ರಿ. ಮುಟ್ಟಾಕ ಸಿಗಲ್ಲ. ಆದ್ರ ಕಂಪ್ಯೂಟರ್ ಮಾತ್ರ ತನಗ ಇನ್ನೊಂದು ಬಾಗಲ ಐತಿ ಅಂತ ನಂಬತೈತಿ. ಆ ಬಾಗಲದಾಗ ಹಾಕಿದ್ದು ಗುಟ್ಟಿನ ಬರಹ ಆಗಿ, ಇರೋ ಇಂಟರ್ನೆಟ್ ದಾರಿಯಾಗೇ ಹೋಗಿ, ಆ ಕಡಿ ಬಾಗಲದಾಗ ತಿರುಗಿ ಮೊದಲಿನಂಗ ಆಗತೈತಿ. ದಾರ್ಯಾಗ ಯಾರು ನೋಡಿದ್ರೂ ತಿಳಿಯಲ್ಲ."

ಒಳಗೆ ಬರುವ ಪ್ರತಿ ಯಂತ್ರಕ್ಕೂ ಅಂಥದೇ ಒಂದು ಬಾಗಿಲು, ಒಂದು ಕೀಲಿ, ಒಂದು ನಂಬರು. ಲಿನಕ್ಸ್ ಪೆಟ್ಟಿಗೆ ಒಂದನೆಯದು. ನನ್ನ ವಿಂಡೋಸ್ ಕಂಪ್ಯೂಟರ್ ಎರಡು. ರಾಯದುರ್ಗದಲ್ಲಿ ಸಾಹುಕಾರರ ಕಂಪ್ಯೂಟರ್ ಮೂರು, ಅವರ ಆಂಡ್ರಾಯ್ಡ್ ಫೋನು ನಾಲ್ಕು. ಮೇನೇಜರ ಆಪಲ್ ಲ್ಯಾಪ್‌ಟಾಪ್ ಐದು. ವನ್ನೂರಪ್ಪ ಸಾರ್ ಅವರ ಫೋನು ಆರು. ಕೀಲಿಯನ್ನು ಆಯಾ ಯಂತ್ರದಲ್ಲೇ ಹುಟ್ಟಿಸಿದರು. ಕೀಲಿಯ ಗುಟ್ಟಿನ ಅರ್ಧ ಅಲ್ಲೇ ಉಳಿಯಬೇಕು, ಉಳಿದರ್ಧವನ್ನು ಮಾತ್ರ ಪೆಟ್ಟಿಗೆಗೆ ಕೊಡಬೇಕು. "ಇನ್ನೊಬ್ಬರ ಗುಟ್ಟು ನಾನು ನೋಡಿದ್ರ ನಾಳೆ ನನ್ನ ಮ್ಯಾಲೇ ಬರತೈತ್ರಿ," ಅಂದು ಮೇನೇಜರ ಲ್ಯಾಪ್‌ಟಾಪಿನ ಪರದೆಯಿಂದ ಮುಖ ತಿರುಗಿಸಿ ನಿಂತಿದ್ದರು.

ಒಂದೊಂದು ಯಂತ್ರದ್ದು ಒಂದೊಂದು ಸ್ವಭಾವ. ಲಿನಕ್ಸಿನಲ್ಲಿ ಕೆಲವೇ ಸಾಲಿನ ಫೈಲು, ಆದರೆ ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸು ಅಂತ ಬೇರೆಯಾಗಿ ಹೇಳದಿದ್ದರೆ ಅದು ದಾಟಿಸದು. ವಿಂಡೋಸಿನಲ್ಲಿ ಹೊಸ ಬಾಗಿಲು ಅಡಾಪ್ಟರ್ ಎಂಬ ಹೆಸರಿನಲ್ಲಿ ತಾನಾಗಿ ಕಾಣಿಸಿಕೊಂಡಿತು, ಆದರೆ ಅದನ್ನು ಗುರುತಿಲ್ಲದ ಊರೆಂದು ತಿಳಿದು ಅದರ ಕಾವಲಿನ ಫೈರ್‌ವಾಲ್ ಮುಚ್ಚಿಕೊಂಡಿತು. ಆಪಲ್ಲು ನಾವು ಕೊಟ್ಟ ಹೆಸರು ಬಿಟ್ಟು ತನ್ನದೇ ಹೆಸರಿಟ್ಟುಕೊಂಡಿತು. ಫೋನಿನಲ್ಲಿ ಎಲ್ಲಕ್ಕಿಂತ ಸಲೀಸು, ಮೇಲಿನ ಪಟ್ಟಿಯಲ್ಲಿ ಪುಟ್ಟ ಬೀಗದ ಕೈ ಮೂಡಿದರೆ ಮುಗಿಯಿತು.

ಎಲ್ಲ ಆದಮೇಲೆ ನನ್ನ ಕಂಪ್ಯೂಟರಿನಿಂದ ಪೆಟ್ಟಿಗೆಯನ್ನು ಕರೆದರೆ ಓಗೊಡುತ್ತಿತ್ತು, ಕ್ಯಾಮೆರಾದ ಚಿತ್ರ ಮಾತ್ರ ಬರದು. ಮಧ್ಯಾಹ್ನದ ಊಟವನ್ನೂ ಬಿಟ್ಟು ಕೂತರು. ಮುಖ ಬಿಳಿಚಿಕೊಂಡಿತು. ಕೊನೆಗೆ ಹಣೆ ಬಡಿದುಕೊಂಡರು. "ಸಣ್ಣ ಗಂಟು ಹೋಗತೈತಿ, ದೊಡ್ಡ ಗಂಟು ಬಾಗಲದಾಗ ಸಿಕ್ಕೊಳ್ಳತೈತಿ! ಗುಟ್ಟಿನ ಬಟ್ಟಿ ಸುತ್ತಿದ ಮ್ಯಾಲೆ ಗಂಟು ದಪ್ಪ ಆಗಲ್ಲೇನ್ರಿ?" ಒಮ್ಮೆಗೆ ಹೋಗುವ ಮಾಹಿತಿಯ ಗಂಟಿನ ಅಳತೆಯನ್ನು ಎರಡೂ ಕಡೆ ಸ್ವಲ್ಪ ಕಡಿಮೆ ಮಾಡಿದರು. ವರಾಂಡ ಪರದೆಯ ಮೇಲೆ ಬಂತು. ಮಗು ಹುಟ್ಟಿದಷ್ಟು ಸಂತೋಷಪಟ್ಟು, ಆಮೇಲೆ ಟಿಫಿನ್ ಬಿಚ್ಚಿ ಜೋಳದ ರೊಟ್ಟಿ ಮುರಿದು ನನಗೂ ಕೊಟ್ಟರು.

ಹೊರಡುವ ಮುಂಚೆ ಬೀದಿಯ ಬಾಗಿಲನ್ನು ಮುಚ್ಚಿದರು. ಯಾರು ಯಾವಾಗ ಒಳಬಂದರು ಎಂಬ ಪಟ್ಟಿಯನ್ನು ಹೇಗೆ ನೋಡುವುದೆಂದು ನನಗೆ ಮೂರು ಸಲ ಮಾಡಿಸಿದರು. ಮೇನೇಜರು ಬಂದು ಅವರ ಬೆನ್ನು ತಟ್ಟಿ, "ಭಲೇ ಮಾಡಿದ್ರಿ ಸಾರ್, ಇನ್ನು ಆ ಕಳ್ಳ ಬರಲ್ಲ," ಅಂದರು.

ಮೂರು ವಾರ ಏನೂ ಇಲ್ಲ. ಹುಡುಗಿಯರು ಮೆಲ್ಲಮೆಲ್ಲಗೆ ವರಾಂಡಕ್ಕೆ ಬರತೊಡಗಿದರು. ಯಾರೋ ಹಾಡಿದರು. ಅನಿತಾ ಮತ್ತೆ ಮೆಟ್ಟಿಲ ಮೇಲೆ ಕೂತಳು.

ಒಂದು ಸಂಜೆ ನಾನು ಆಫೀಸಿಗೆ ಬೀಗ ಹಾಕಿ ಹಾಸ್ಟೆಲ್ಲಿಗೆ ಬರುತ್ತಿದ್ದೆ. ಇನ್ನೂ ಬೆಳಕಿತ್ತು. ವರಾಂಡದಲ್ಲಿ ಚಪ್ಪಲಿ ಬಿಡುವಾಗ ತಲೆಯ ಮೇಲೆ ಕರಕರ ಸದ್ದು.

"ಲಕ್ಷ್ಮಿ... ಬೀಗ ಹಾಕ್ಕೊಂಡೆಯಾ?"

ನನ್ನ ಹೆಸರು. ಗೋಡೆ ಹಿಡಿದುಕೊಂಡೆ. ಒಂದು ಕ್ಷಣ ವನ್ನೂರಪ್ಪ ಸಾರ್ ಮೇಲೇ ಸಿಟ್ಟು ಬಂತು, ಎಂಥ ಬೀಗ ಹಾಕಿದರು ಅಂತ. ಮರುಕ್ಷಣ ಹೊಳೆಯಿತು. ಬೀಗ ಸರಿಯಾಗೇ ಇದೆ. ಹಾಗಾದರೆ ಇದು ಬೀದಿಯವನಲ್ಲ. ಕೀಲಿ ಇದ್ದವನು. ನಮ್ಮವನು.

ಆ ಯೋಚನೆ ಬಂದಾಗ ಆದ ಭಯದ ಮುಂದೆ ಮೊದಲಿನದು ಏನೂ ಅಲ್ಲ.

ಅಡುಗೆಮನೆಗೆ ಓಡಿ ಮಾರಕ್ಕನನ್ನು ಕರೆದುಕೊಂಡೆ. ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಹಿಡಿದುಕೊಂಡೇ ಬಂದಳು. ಆಫೀಸು ತೆಗೆದು, ಚಿಲಕ ಹಾಕಿ, ಕಲಿಸಿದ ಹಾಗೆ ಪಟ್ಟಿ ತೆರೆದೆ. ನನ್ನದು ಬಿಟ್ಟರೆ ಆ ಹೊತ್ತಿಗೆ ಒಳಗಿದ್ದದ್ದು ಒಂದೇ ನಂಬರು. ಐದು. ಕ್ಯಾಮೆರಾದ ದಾಖಲೆಯಲ್ಲೂ ಅದೇ, ಮೂರು ನಿಮಿಷದ ಹಿಂದೆ. ಸ್ಪೀಕರ್ ತೆರೆದದ್ದು, ಐದು.

ವನ್ನೂರಪ್ಪ ಸಾರ್‌ಗೆ ಫೋನ್ ಮಾಡಿ ಹೇಳಿದೆ. ಆ ಕಡೆ ನೋಟ್‌ಬುಕ್ಕಿನ ಹಾಳೆ ತಿರುವುವ ಸದ್ದು.

"ಸಾರ್?"

"ಇದೀನ್ರಿ ಅಮ್ಮಾ. ನನಗ ಬಾಳ ಅಂಜಿಕಿ ಆಗಾಕತ್ತೈತಿ," ಅಂದರು. "ನೀವು ಒಬ್ಬರೇ ಇರಬ್ಯಾಡ್ರಿ. ಪಕ್ಕದಾಗ ಯಾರದಾರ?"

"ಮಾರಕ್ಕ."

"ಚಲೋ ಆತು. ಅವರನ್ನ ಬಿಡಬ್ಯಾಡ್ರಿ. ಪರದಿಯ ಫೋಟೋ ತಕ್ಕೊಂಡು ನನಗ ಕಳಸ್ರಿ. ನಾನೂ ಇಲ್ಲಿಂದ ದಾಖಲೆ ಇಳಿಸ್ಕೊಂತೀನಿ. ಆಮ್ಯಾಲೆ ಐದನೇದನ್ನ ಕಿತ್ತು ಹಾಕ್ತೀನಿ. ಕಿತ್ತ ಮ್ಯಾಲೆ ಆತ ಬರಬಹುದು. ನಿಮಗೇನೂ ಗೊತ್ತಿಲ್ಲ ಅನ್ರಿ. ವನ್ನೂರಪ್ಪ ಮಾಡ್ಯಾನ ಅನ್ರಿ."

ನಾನು ನೋಡುತ್ತಿದ್ದಂತೆಯೇ ಪಟ್ಟಿಯಿಂದ ಐದು ಮಾಯವಾಯಿತು. ಹತ್ತು ನಿಮಿಷದಲ್ಲಿ ಗೇಟಿನ ಬಳಿ ಬೈಕು ನಿಂತ ಸದ್ದು. ಮೇನೇಜರು ಬಾಗಿಲು ತಟ್ಟಿದರು. ತೆಗೆಯದೆ ಇರುವಂತಿರಲಿಲ್ಲ.

"ನನ್ನ ಲ್ಯಾಪ್‌ಟಾಪ್‌ನಾಗೆ ಕ್ಯಾಮೆರಾ ಬರ್ತಿಲ್ಲ," ಅಂದರು. ಅದೇ ನಗುಮುಖ. ಕಣ್ಣು ಮಾತ್ರ ನನ್ನ ಪರದೆಯ ಕಡೆಗಿತ್ತು. "ಈ ಹೊತ್ತಿನಾಗೆ ಏನ್ ಮಾಡ್ತಾ ಇದ್ದೀಯ ಲಕ್ಷ್ಮಿ?"

"ಪ್ರೊಡಕ್ಷನ್ ಶೀಟ್ ಕಳಿಸೋದಿತ್ತು ಸಾರ್."

"ಬೀಗ ಹಾಕ್ಕೊಂಡು ಹೋದವಳು ಮತ್ತೆ ಬಂದ್ಯಲ್ಲ."

ನಾನು ಬೀಗ ಹಾಕಿದ್ದನ್ನು ಅವರು ಎಲ್ಲಿಂದ ನೋಡಿದರು ಅನ್ನುವುದು ಅವರಿಗೂ ತಟ್ಟನೆ ಹೊಳೆಯಿತೇನೋ. ನಗು ನಿಂತಿತು. ಒಂದು ಹೆಜ್ಜೆ ಒಳಗಿಟ್ಟರು. ಕಪಾಟಿನ ಮರೆಯಲ್ಲಿದ್ದ ಮಾರಕ್ಕ ಈಚೆ ಬಂದು ನನ್ನ ಕುರ್ಚಿಯ ಪಕ್ಕ ನಿಂತಳು. ಕೈಯಲ್ಲಿ ಚಾಕು, ಅದರ ಮೇಲೆ ಈರುಳ್ಳಿಯ ಚೂರು.

"ರಾಯದುರ್ಗದ ಸಾರ್‌ನ ಕೇಳ್ಬೇಕಂತೆ ಸಾರ್. ನನಗೆ ಗೊತ್ತಿಲ್ಲ," ಅಂದೆ.

ಅವರು ಹೋದರು. ಬೈಕಿನ ಸದ್ದು ಅಡಗಿದ ಮೇಲೆ ಮಾರಕ್ಕ ನೆಲದ ಮೇಲೆ ಕುಸಿದು ಕೂತು ಅತ್ತಳು. ನಾನೂ ಅತ್ತೆ.

ಬೆಳಿಗ್ಗೆಯ ಹೊತ್ತಿಗೆ ನಲವತ್ತು ಜನಕ್ಕೂ ತಿಳಿದುಹೋಗಿತ್ತು. ಯಾರೂ ಮಿಷನ್ನಿಗೆ ಕೂರಲಿಲ್ಲ. ಎಲ್ಲರೂ ಹೊಂಗೆ ಮರದ ಕೆಳಗೆ ಕೂತೆವು. ಒಂಬತ್ತರ ಹೊತ್ತಿಗೆ ಸಾಹುಕಾರರ ಕಾರು ಬಂತು. ಹಿಂದಿನ ಸೀಟಿನಿಂದ ವನ್ನೂರಪ್ಪ ಸಾರ್ ಇಳಿದರು, ಜೀನ್ಸ್ ಚೀಲವನ್ನು ಎದೆಗೆ ಅವಚಿಕೊಂಡು. ಮೇನೇಜರು ಮೊದಲೇ ಬಂದು ನಿಂತಿದ್ದರು.

ಸಾಹುಕಾರರು ಒಂದು ಸಲ ನಮ್ಮ ಕಡೆ, ಒಂದು ಸಲ ಬಾಮೈದನ ಕಡೆ ನೋಡಿದರು. "ವನ್ನೂರಪ್ಪ, ಏನಿದ್ರೂ ಒಳಗ ಬಂದು ಹೇಳು."

ಸಾರ್ ಕದಲಲಿಲ್ಲ. ಬಲಗೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡರು.

"ಇಲ್ಲೇ ಹೇಳ್ತೀನ್ರಿ ಸಾವ್ಕಾರ್ರೆ. ಅಂಜಿದವರು ಹೊರಗ ಕುಂತಾರ, ಒಳಗಿಲ್ಲ."

ನೋಟ್‌ಬುಕ್ ತೆಗೆದರು. ದಿನ, ಹೊತ್ತು, ನಂಬರು. ಪ್ರತಿಯೊಂದನ್ನೂ ಓದಿದರು. ನಡುವೆ ಎರಡು ಸಲ ನಿಂತು ನೀರು ಕುಡಿದು ಮುಂದುವರಿದರು. ಕೊನೆಗೆ, "ಐದನೇ ನಂಬರು ಮೇನೇಜರ್ ಅವರ ಲ್ಯಾಪ್‌ಟಾಪು," ಅಂದರು.

"ಸುಳ್ಳು!" ಮೇನೇಜರು ಕೂಗಿದರು. "ಬಾವಾ, ಇದನ್ನೆಲ್ಲ ಮಾಡಿದ್ದು ಈತನೇ. ಎಲ್ಲ ಬೀಗದ ಕೈ ಈತನ ಹತ್ರ ಅವೆ. ನನ್ನ ಹೆಸರಿನಾಗೆ ಈತನೇ ಮಾತಾಡಿರಬೌದಲ್ಲ?"

ಅಲ್ಲಿದ್ದವರೆಲ್ಲ ಒಮ್ಮೆಗೇ ವನ್ನೂರಪ್ಪ ಸಾರ್ ಕಡೆ ತಿರುಗಿದೆವು. ಸತ್ಯ ಹೇಳುತ್ತೇನೆ, ಒಂದು ಗಳಿಗೆ ನನ್ನ ಮನಸ್ಸಿನಲ್ಲೂ ಸಂಶಯ ಸುಳಿಯಿತು. ಆ ಗಳಿಗೆಗಾಗಿ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

"ಆಗಲ್ರಿ," ಅಂದರು ಸಣ್ಣ ದನಿಯಲ್ಲಿ. "ಆ ಕೀಲಿ ನಿಮ್ಮ ಯಂತ್ರದಾಗೇ ಹುಟ್ಟಿದ್ದು. ಒತ್ತಿದವರು ನೀವು. ನಾನು ಮಾರಿ ತಿರುಗಿಸ್ಕೊಂಡು ನಿಂತಿದ್ದೆ, ಈ ಲಕ್ಷ್ಮಿ ಅಮ್ಮಾರು ನೋಡ್ಯಾರ. ಅನುಮಾನ ಇದ್ರ ನನ್ನ ಫೋನು ತಗೊಳ್ರಿ, ನಿಮ್ಮ ಲ್ಯಾಪ್‌ಟಾಪು ತಗೊಳ್ರಿ, ಪೆಟ್ಟಿಗಿ ತಗೊಳ್ರಿ. ಮೂರನ್ನೂ ಪೊಲೀಸ್ ಸ್ಟೇಷನ್ನಾಗ ಇಡೋಣು. ತಿಳಿದವರು ಬಂದು ನೋಡ್ಲಿ. ನನ್ನದು ಮೊದಲು ಇಡ್ರಿ."

ತಮ್ಮ ಫೋನನ್ನು ಜೇಬಿನಿಂದ ತೆಗೆದು ಸಾಹುಕಾರರ ಕಡೆ ಚಾಚಿದರು. ಮೇನೇಜರು ತಮ್ಮ ಬ್ಯಾಗನ್ನು ಹಿಂದಕ್ಕೆ ಎಳೆದುಕೊಂಡರು. ಅಷ್ಟೇ. ಆ ಎಳೆದುಕೊಂಡದ್ದನ್ನು ನಲವತ್ತು ಜನ ನೋಡಿದೆವು, ಸಾಹುಕಾರರೂ ನೋಡಿದರು.

ಆಗ ಅನಿತಾ ಎದ್ದು ನಿಂತಳು. ಮಾತು ಕಡಿಮೆಯವಳು ಅಂದೆನಲ್ಲ. "ಕ್ಯಾಮೆರಾ ತೆಗೆಸಿ," ಅಂದಳು. "ಇವತ್ತೇ ತೆಗೆಸಿ. ಇಲ್ಲಾಂದ್ರೆ ನಾವೆಲ್ಲ ಹಿಂಗೇ ಸ್ಟೇಷನ್‌ಗೆ ನಡ್ಕೊಂಡೇ ಹೋಗ್ತೀವಿ."

ಮೇನೇಜರನ್ನು ಆ ದಿನವೇ ಕಳಿಸಿಬಿಟ್ಟರು. ವರಾಂಡದ ಕ್ಯಾಮೆರಾಗಳನ್ನು ವನ್ನೂರಪ್ಪ ಸಾರ್ ತಾವೇ ಏಣಿ ಹತ್ತಿ ಇಳಿಸಿದರು. ಕೆಳಗೆ ನಾಲ್ಕು ಜನ ಏಣಿ ಹಿಡಿದಿದ್ದರೂ "ಬಿಡಬ್ಯಾಡ್ರಿ, ಬಿಡಬ್ಯಾಡ್ರಿ" ಅನ್ನುತ್ತಲೇ ಇದ್ದರು. ತುಂಬ ದಿನಗಳ ಮೇಲೆ ಹುಡುಗಿಯರು ನಕ್ಕರು. ದೂರು ಕೊಡಬೇಕೆಂದು ನಾವು ಕೆಲವರು ಹಟ ಹಿಡಿದೆವು, ಆದರೆ ಅನಿತಾಳ ಮನೆಯವರು ಹೆಸರು ಹೊರಗೆ ಬರುತ್ತದೆಂದು ಅಂಜಿ ಬೇಡವೆಂದರು. ವಾರದೊಳಗೆ ಅವಳ ಅಣ್ಣ ಬಂದು ಅವಳನ್ನು ಕರೆದುಕೊಂಡು ಹೋದ. ತಪ್ಪು ಮಾಡದವಳು ಟ್ರಂಕು ಹೊತ್ತುಕೊಂಡು ಹೋದದ್ದು ನನಗೆ ಇನ್ನೂ ಉರಿಯುತ್ತದೆ. ಆಮೇಲೆ ಹಿಂದೂಪುರದಲ್ಲಿ ಇನ್ನೊಂದು ಯೂನಿಟ್ಟಿಗೆ ಸೇರಿ ಸೂಪರ್‌ವೈಸರ್ ಆದಳೆಂದು ಕೇಳಿ ಸಮಾಧಾನವಾಯಿತು.

ಕ್ಯಾಮೆರಾ ಹೋದರೂ ಆ ಪೆಟ್ಟಿಗೆ ಉಳಿಯಿತು, ರಾಯದುರ್ಗಕ್ಕೆ ಲೆಕ್ಕ ಕಳಿಸುವುದು ಅದರ ಬಾಗಿಲಿನಿಂದಲೇ. ಎರಡು ತಿಂಗಳ ಮೇಲೆ ಸಾಹುಕಾರರು ಕಂಪ್ಯೂಟರ್ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಕಾರಣ ಯಾರೂ ಹೇಳಲಿಲ್ಲ, ಯಾರೂ ಕೇಳಬೇಕಾಗಿಯೂ ಇರಲಿಲ್ಲ. ಸಾಹುಕಾರರ ಮನೆಯಲ್ಲಿ ಬಾಮೈದನ ಅಕ್ಕ ಇದ್ದರಲ್ಲ.

ವನ್ನೂರಪ್ಪ ಸಾರ್ ಈಗಿಲ್ಲ. ಅದಾದ ಮರುವರ್ಷ ಎದೆನೋವಿನಿಂದ ತೀರಿಕೊಂಡರು. ರಾಯದುರ್ಗದಿಂದ ಬಟ್ಟೆ ತರುವ ಡ್ರೈವರ್ ಹೇಳಿದಾಗ ಹದಿನೈದು ದಿನ ಕಳೆದಿತ್ತು. ಕೊನೆಯ ಸಲ ಅವರನ್ನು ಕಂಡದ್ದು ಲೆಕ್ಕ ಒಪ್ಪಿಸಲು ಮಡಕಶಿರಕ್ಕೆ ಬಂದ ಆ ಮಧ್ಯಾಹ್ನ. ನೋಟ್‌ಬುಕ್ಕಿನಲ್ಲಿದ್ದ ನಮ್ಮ ಯೂನಿಟ್ಟಿನ ಪುಟಗಳನ್ನೆಲ್ಲ ಬೇರೆ ಹಾಳೆಯಲ್ಲಿ ದುಂಡಗೆ ಬರೆದು ತಂದಿದ್ದರು. ಅದನ್ನು ನನ್ನ ಕೈಗಿಟ್ಟು ಪಕ್ಕದಲ್ಲಿ ನಿಂತುಕೊಂಡರು.

"ಈಗ ಆರನೇದನ್ನ ತಗೀರಿ," ಅಂದರು.

"ನಿಮ್ಮದಾ ಸಾರ್? ಇರ್ಲಿ ಬಿಡಿ. ಏನಾದ್ರೂ ಆದ್ರೆ ನಿಮ್ಮನ್ನೇ ತಾನೇ ಕೇಳೋದು ನಾನು."

"ಫೋನ್ ಮಾಡಿ ಕೇಳ್ರಿ, ಹೇಳ್ತೀನಿ. ಕೀಲಿ ಬ್ಯಾಡ. ಮನಿ ಬಿಟ್ಟು ಹೋಗೋನು ಕೀಲಿ ಇಟ್ಟುಕೊಂಡು ಹೋಗಬಾರ್ದ್ರಿ. ನಾನು ಚಲೋ ಮನುಷ್ಯ ಅಂತ ಬಿಡಬ್ಯಾಡ್ರಿ. ಆತನೂ ಚಲೋ ಮನುಷ್ಯ ಅಂತಾನೇ ಕೊಟ್ಟಿದ್ವಲ್ಲ?"

ನಾನು ಆರನೆಯ ಸಾಲನ್ನು ಅಳಿಸಲು ಕೈ ಇಟ್ಟೆ. ಅದನ್ನೆಲ್ಲ ಕಟ್ಟಿದವರು ಅವರು. ತಂತಿಯಿಲ್ಲದ ಬಾಗಿಲೆಂದರೇನೆಂದು ನನಗೆ ತೋರಿಸಿಕೊಟ್ಟವರು ಅವರು. ಅವರನ್ನೇ ಹೊರಗೆ ಹಾಕುವುದು ಹೇಗೆ? ಕಣ್ಣು ಮಂಜಾಯಿತು.

"ಒತ್ರಿ," ಅಂದರು ಮೆತ್ತಗೆ. ಒತ್ತಿದೆ.

ಮಾರಕ್ಕ ಕೊಟ್ಟ ಮಜ್ಜಿಗೆ ಕುಡಿದು, ಹುಡುಗಿಯರಿಗೆಲ್ಲ ಕೈ ಮುಗಿದು, ಬಸ್ಸಿಗೆ ನಡೆದರು. ಕಾಲು ಗಂಟೆಯಲ್ಲಿ ನನ್ನ ಫೋನು ಬಡಿದುಕೊಂಡಿತು. ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ, ಕಂಡಕ್ಟರನ ಕೂಗು.

"ಅಮ್ಮಾ, ಇಲ್ಲಿಂದ ನಾಕು ಸಲ ನೋಡಿದೆ. ಒಳಗ ಬರಾಕ ಆಗವಲ್ದು," ಅಂದರು. ಆ ದನಿಯಲ್ಲಿ ಅಂಥ ಸಂತೋಷವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. "ಚಲೋ ಮಾಡೀರಿ. ಬಾಳ ಚಲೋ ಮಾಡೀರಿ."

ಬಸ್ಸು ಬಂತೆಂದು ಫೋನಿಟ್ಟರು.